ಮಾರಾಟಕ್ಕಲ್ಲದ ಮೋಟಾರು

ವಾಚಕರೇ, ಭೂಸನೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರಿಕೊಂಡು ಹೋಗುವ ಬಂಡಿಯ ಯೋಗ್ಯತೆ ಅದು ಹೊರುವ ಭಾರದಿಂದಲೇ ತಿಳಿಯುತ್ತದೆ. ಆದರೆ ಭಾರ ಹೊರದ, ಬಾಡಿಗೆಗೆ ಓಡದ, ಅಂಗಡಿಯಲ್ಲಿ ದೊರೆಯದ ಮೋಟಾರುಗಳೂ ಉಂಟು. ತಯಾರಕರು ಅವನ್ನು ಒಂದೋ ಎರಡೋ ಮಾತ್ರ ಕಟ್ಟಿಸಿ ಮೋಟಾರು ಪ್ರದರ್ಶನಗಳಲ್ಲಿ ನಿಲ್ಲಿಸುತ್ತಾರೆ. ಇವನ್ನು ಕಲ್ಪನೆಯ ಕಾರುಗಳೆನ್ನಬಹುದು. ಮಾರದ ವಸ್ತುವಿಗಾಗಿ ಇಷ್ಟು ಹಣ ಸುರಿಯುವುದೇಕೆ ಎಂಬ ಶಂಕೆ ತಮಗೆ ಬರುವುದು ಸಹಜ.

ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ವಿನ್ಯಾಸಕಾರ ಹಾರ್ಲಿ ಅರ್ಲ್ 1938ರಲ್ಲಿ ಕಟ್ಟಿಸಿದ ‘ಬ್ಯೂಕ್ ವೈ-ಜಾಬ್’ ಈ ಬಗೆಯಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಅದರ ಮುಂದೀಪಗಳು ಬೇಡವಾದಾಗ ಮರೆಯಾಗುತ್ತಿದ್ದವು. ಕಿಟಕಿಯ ಗಾಜುಗಳು ವಿದ್ಯುತ್ತಿನಿಂದ ಏರಿಳಿಯುತ್ತಿದ್ದವು. ಅಂದಿನ ಆ ಅದ್ಭುತ ಗಾಜು ಇಂದು ಆಳಂದದ ಬಾಡಿಗೆ ಕಾರಿನಲ್ಲಿಯೂ ಉಂಟು. ಅದೇ ಸಂಸ್ಥೆ 1949ರಿಂದ 1961ರವರೆಗೆ ‘ಮೋಟೊರಾಮ’ ಎಂಬ ಪ್ರದರ್ಶನಗಳನ್ನು ನಡೆಸಿತು. ಅದಕ್ಕಾಗಿ ಕಟ್ಟಿದ ‘ಫೈರ್‌ಬರ್ಡ್’ ರೆಕ್ಕೆಬಾಲಗಳಿಂದ ಕೂಡಿ ವಿಮಾನದಂತೆಯೇ ಇತ್ತು. ಅನಿಲದ ಟರ್ಬೈನಿನಿಂದ ಓಡುತ್ತಿತ್ತು. ಆದರೆ ಆ ಯಂತ್ರ ಸಂಸಾರಸ್ಥರ ಕಾರಿಗೆ ಇಳಿದುಬರಲಿಲ್ಲ. ಹೀಗೆ ಒಂದು ಕಲ್ಪನೆ ಫಲಿಸುತ್ತದೆ, ಇನ್ನೊಂದು ನೋಟವಾಗಿಯೇ ಉಳಿಯುತ್ತದೆ.

ನಮ್ಮ ನಾಡಿನಲ್ಲಿಯೂ ಇದಕ್ಕೆ ನಿದರ್ಶನವಿದೆ. ಬೆಂಗಳೂರಿನ ರೇವಾ ಸಂಸ್ಥೆ 2001ರಲ್ಲಿ ಪುಟ್ಟ ವಿದ್ಯುತ್ ಕಾರನ್ನು ಮಾರುಕಟ್ಟೆಗೆ ತಂದಿತ್ತು. 2009ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಅದು ಎರಡು ಹೊಸ ಕಾರುಗಳನ್ನು ನಿಲ್ಲಿಸಿತು. ನಾಲ್ವರು ಕೂರುವ ‘ಎನ್‌ಎಕ್ಸ್‌ಆರ್’ ಒಂದು. ದಿಲೀಪ್ ಛಾಬ್ರಿಯಾ ಅವರು ರೂಪಿಸಿದ, ಇಬ್ಬರೇ ಕೂರುವ ‘ಎನ್‌ಎಕ್ಸ್‌ಜಿ’ ಇನ್ನೊಂದು. ಮರುವರ್ಷ ಸಂಸ್ಥೆಯ ಬಹುಪಾಲು ಮಹೀಂದ್ರದವರ ಕೈಸೇರಿತು. ನಾಲ್ವರ ಕಾರು ತಿದ್ದುಪಡಿಗೊಂಡು 2013ರಲ್ಲಿ ‘ಇ-ಟು-ಓ’ ಎಂಬ ಹೆಸರಿನಿಂದ ಬೀದಿಗಿಳಿಯಿತು. ಇಬ್ಬರ ಚೆಲುವ ಕಾರು ಮಾರುಕಟ್ಟೆಯನ್ನು ಕಾಣಲಿಲ್ಲ.

ಇದರಿಂದ ನಾವು ಕಲಿಯಬೇಕಾದುದೇನು? ಕಲಬುರಗಿಯ ಶರಣಬಸವೇಶ್ವರರ ತೇರನ್ನು ಕಂಡಾಗ ಕೈಮುಗಿದರೆ ಸಾಕು; ತೇರು ನಮ್ಮಿಂದ ಬೇರೇನನ್ನೂ ಬೇಡದು. ಪ್ರದರ್ಶನದ ಕಾರು ಹಾಗಲ್ಲ. ಅದು ತಯಾರಕರು ಜನರ ಮುಂದಿಡುವ ಪ್ರಶ್ನೆ. ಜನ ಬರಿಯ ಹೊಳಪಿಗೆ ತಲೆದೂಗಿದರೆ ಹೊಳಪೇ ಹೆಚ್ಚಿ ಬರುತ್ತದೆ. ಆದುದರಿಂದ ನಗರದ ಪ್ರದರ್ಶನಕ್ಕೆ ಹೋದಾಗ ತಾವೂ ಮರುಪ್ರಶ್ನೆ ಹಾಕಬೇಕು: ಇದರಲ್ಲಿ ಮನೆಮಂದಿಯೆಲ್ಲ ಕೂರಬಹುದೆ? ಮಳೆಗಾಲದಲ್ಲಿ ನಮ್ಮ ಎರೆಮಣ್ಣಿನ ಹಾದಿಯನ್ನು ದಾಟೀತೆ? ಕೆಟ್ಟರೆ ನಮ್ಮೂರಿನಲ್ಲಿಯೇ ದುರಸ್ತಿಯಾದೀತೆ? ಕೇಳದೆ ಹಿಂದಿರುಗಿದರೆ, ನಮ್ಮ ಹಾದಿಯ ವಿಚಾರ ಆ ಕಲ್ಪನೆಯೊಳಗೆ ಸೇರುವುದು ಹೇಗೆ?