'ಭೂಮಿ' ತಂತ್ರಾಂಶ: ಗುಣಮಟ್ಟದ ಸಾಮಾಜಿಕ ನೆಲೆ

ತಂತ್ರಾಂಶದ ಗುಣಮಟ್ಟವನ್ನು ಅದರ ತಾಂತ್ರಿಕ ಶುದ್ಧಿಯಿಂದ ಮಾತ್ರ ನಿರ್ಣಯಿಸಬಹುದೆ ಎಂಬ ಪ್ರಶ್ನೆಗೆ ಕರ್ನಾಟಕದ ಆಡಳಿತ ಚರಿತ್ರೆಯಲ್ಲಿ ದೊರೆಯುವ ಪ್ರಮುಖ ನಿದರ್ಶನವೆಂದರೆ 'ಭೂಮಿ' ಯೋಜನೆ. ಬೆಂಗಳೂರಿನ ಪೂರ್ವಭಾಗದ ಮಟ್ಟಿಗೆ ಈ ನಿದರ್ಶನಕ್ಕೆ ವಿಶೇಷ ಅರ್ಥವಿದೆ. ಕೃಷ್ಣರಾಜಪುರವು ಬೆಂಗಳೂರು ಪೂರ್ವ ತಾಲ್ಲೂಕಿನ ಕೇಂದ್ರ. 1990ರ ದಶಕದಲ್ಲಿ ವೈಟ್‌ಫೀಲ್ಡಿನ ತಂತ್ರಜ್ಞಾನ ಉದ್ಯಾನ ತಲೆಯೆತ್ತಿದ್ದು ಈ ಭಾಗದಲ್ಲಿಯೇ. ತಂತ್ರಾಂಶ ಉದ್ಯಮವು ನೆಲವನ್ನು ಅರಸುತ್ತಿದ್ದ ಕಾಲದಲ್ಲಿ ನೆಲದ ದಾಖಲೆಯೂ ತಂತ್ರಾಂಶವನ್ನು ಸೇರಿತು.

ಅದುವರೆಗೆ ಪಹಣಿಗಳು ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದವು. ತಿದ್ದುವಿಕೆಗೂ ವಿಳಂಬಕ್ಕೂ ಅಲ್ಲಿ ಎಡೆಯಿತ್ತು. ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್ ರೂಪಿಸಿದ ತಂತ್ರಾಂಶದ ಮೂಲಕ, 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಬಂದವು. 15 ರೂಪಾಯಿ ತೆತ್ತವರಿಗೆ ತಾಲ್ಲೂಕು ಕಚೇರಿಯಲ್ಲಿ ಮುದ್ರಿತ ಪ್ರತಿ ದೊರೆಯತೊಡಗಿತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನೂ, ದಾಖಲೆ ತಿದ್ದುವ ಅಧಿಕಾರಿ ಬೆರಳಚ್ಚಿನಿಂದ ಗುರುತು ಸ್ಥಾಪಿಸಬೇಕೆಂಬ ಕಟ್ಟಳೆಯನ್ನೂ ತಂತ್ರಾಂಶದೊಳಗೇ ಅಳವಡಿಸಲಾಯಿತು. ನೈತಿಕ ಆಶಯವೊಂದು ಹೀಗೆ ತಾಂತ್ರಿಕ ಗುಣವಾಗಿ ಪರಿಣಮಿಸಿತು.

ಇದರ ಫಲವೇನು? 2002ರಲ್ಲಿ ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಸಂಸ್ಥೆಯ ಸಮೀಕ್ಷೆಯು ಪಹಣಿ ಪಡೆಯುವುದು ಸುಲಭವಾಗಿದೆ, ಲಂಚ ತೀರ ಕಡಿಮೆಯಾಗಿದೆ ಎಂದು ಕಂಡುಕೊಂಡಿತು. 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರ ಅಧ್ಯಯನವು ಇದಕ್ಕೆ ವಿರುದ್ಧವಾದ ನಿಲುವನ್ನು ಮಂಡಿಸಿತು. ಭೂವ್ಯವಹಾರದಲ್ಲಿ ಲಂಚವೂ ವಿಳಂಬವೂ ಹೆಚ್ಚಿದವು, ಬೆಂಗಳೂರಿನ ನೆಲದ ಬೆಲೆ ಏರುತ್ತಿದ್ದಾಗ ಈ ವ್ಯವಸ್ಥೆ ದೊಡ್ಡ ಬಂಡವಾಳಗಾರರಿಗೆ ಅನುಕೂಲವಾಯಿತು ಎಂಬುದು ಅದರ ವಾದ.

ಈ ಎರಡು ತೀರ್ಮಾನಗಳಲ್ಲಿ ಒಂದು ಸುಳ್ಳಾಗಬೇಕಾಗಿಲ್ಲ. ಮೊದಲನೆಯದು ಪಹಣಿ ವಿತರಣೆಯ ಕಿಂಡಿಯನ್ನು ನೋಡಿತು. ಎರಡನೆಯದು ಭೂಮಾರುಕಟ್ಟೆಯನ್ನು ನೋಡಿತು. ಪಹಣಿಯ ಪ್ರತಿ ಬೇಡುವ ಸಣ್ಣ ಹಿಡುವಳಿದಾರನಿಗೂ ನೂರಾರು ಎಕರೆ ಕೂಡಿಸುವ ಸಂಸ್ಥೆಗೂ ತಂತ್ರಾಂಶ ಒಂದೇ. ಆದರೆ ದಾಖಲೆಯ ದೋಷವನ್ನು ತಿದ್ದಿಸಿಕೊಳ್ಳುವ ಸಾಮರ್ಥ್ಯ ಇಬ್ಬರಿಗೂ ಒಂದೇ ಅಲ್ಲ. ಗ್ರಾಮದಲ್ಲಿದ್ದ ದಾಖಲೆ ತಾಲ್ಲೂಕಿಗೆ ಸರಿದಾಗ ಲೆಕ್ಕಿಗನ ಸ್ವೇಚ್ಛೆಯ ಜೊತೆಗೆ ಸ್ಥಳೀಯ ತಿಳಿವಳಿಕೆಯೂ ಹಿಂದೆ ಸರಿಯಿತು.

1991ರ ಐಎಸ್‌ಒ 9126 ಮಾನಕವು ವಿಶ್ವಾಸಾರ್ಹತೆ, ದಕ್ಷತೆ ಮೊದಲಾದ ಆರು ಗುಣಗಳನ್ನು ಹೆಸರಿಸಿತ್ತು. 2011ರ ಐಎಸ್‌ಒ 25010 ಬಳಕೆಯ ಸಂದರ್ಭವನ್ನೂ ಅಪಾಯದಿಂದ ಮುಕ್ತಿಯನ್ನೂ ಗುಣಮಟ್ಟದ ಅಂಗವಾಗಿ ಎಣಿಸಿತು. ಆ ಪರಿಷ್ಕರಣೆಯ ಅಗತ್ಯವನ್ನು 'ಭೂಮಿ'ಯ ಅನುಭವ ಅದಕ್ಕೂ ಮೊದಲೇ ತೋರಿಸಿತ್ತು. ಯಾರ ನೆಲ ಯಾರ ಕೈಸೇರಿತು ಎಂಬ ವಿಚಾರಣೆಯಿಲ್ಲದೆ ಇಂತಹ ತಂತ್ರಾಂಶದ ಗುಣವಿಮರ್ಶೆ ಪೂರ್ಣವಾಗದು.