ಬ್ಲಾಕ್ ಗಂಟೆ ವೇತನ

ಬ್ಲಾಕ್ ಗಂಟೆ ವೇತನ ಎಂಬುದು ವಿಮಾನವು ನಿಲುಗಡೆಯ ಜಾಗದಿಂದ ಕದಲಿದ ಕ್ಷಣದಿಂದ ಮುಂದಿನ ನಿಲ್ದಾಣದಲ್ಲಿ ನಿಲ್ಲುವವರೆಗಿನ ಅವಧಿಯನ್ನು ಎಣಿಸಿ ಪೈಲಟ್‌ಗಳಿಗೆ ಸಂಬಳ ಕೊಡುವ, ಅಮೆರಿಕದ ವಿಮಾನಯಾನ ಕಂಪನಿಗಳಲ್ಲಿ ರೂಢಿಯಲ್ಲಿರುವ ಪದ್ಧತಿ. ಹವಾಮಾನ ವರದಿಯ ಪರಿಶೀಲನೆ, ವಿಮಾನದ ಸುತ್ತ ನಡೆದು ಟೈರು, ರೆಕ್ಕೆ, ಎಂಜಿನ್‌ಗಳನ್ನು ನೋಡುವ ತಪಾಸಣೆ, ಎರಡು ಹಾರಾಟಗಳ ನಡುವಿನ ಕಾಯುವಿಕೆ ಸಾಮಾನ್ಯವಾಗಿ ಈ ಎಣಿಕೆಗೆ ಸೇರವು. ಆದ್ದರಿಂದ ಹಲವು ದಿನ ಹಿಡಿಯುವ ಸರದಿಯಲ್ಲಿ ಹಾರಾಟ ಕಡಿಮೆಯಾದರೂ ಪೈಲಟ್‌ಗೆ ನಷ್ಟವಾಗದಂತೆ ದಿನಕ್ಕೆ ಅಥವಾ ಸರದಿಗೆ ಇಂತಿಷ್ಟು ಕನಿಷ್ಠ ಗಂಟೆಗಳ ಖಾತರಿಯನ್ನು ಒಪ್ಪಂದಗಳಲ್ಲಿ ಸೇರಿಸಲಾಗುತ್ತದೆ. ಗಂಟೆಯ ದರವು ಹುದ್ದೆ, ವಿಮಾನದ ಮಾದರಿ ಮತ್ತು ಸೇವಾವಧಿಯನ್ನು ಅವಲಂಬಿಸಿದ್ದು, ತಿಂಗಳ ಸರದಿಗಳ ಆಯ್ಕೆ ಹಿರಿತನದ ಪ್ರಕಾರ ನಡೆಯುತ್ತದೆ.

ಪೈಲಟ್‌ಗಳ ಹಾರಾಟದ ಗಂಟೆಗಳಿಗೆ ಕಾನೂನಿನ ಮಿತಿಯೂ ಇದೆ: 2009ರಲ್ಲಿ ಅಮೆರಿಕದ ಬಫಲೋ ಬಳಿ 50 ಜನರನ್ನು ಬಲಿ ತೆಗೆದುಕೊಂಡ ವಿಮಾನ ದುರಂತದ ತರುವಾಯ ರೂಪುಗೊಂಡು 2014ರ ಜನವರಿಯಲ್ಲಿ ಜಾರಿಗೆ ಬಂದ ನಿಯಮಗಳು ಕರ್ತವ್ಯಕ್ಕೆ ಮುನ್ನ 10 ಗಂಟೆಗಳ ವಿಶ್ರಾಂತಿಯನ್ನು ಕಡ್ಡಾಯಗೊಳಿಸಿ, 365 ದಿನಗಳ ಹಾರಾಟವನ್ನು 1,000 ಗಂಟೆಗಳಿಗೆ ಮಿತಿಗೊಳಿಸಿದವು. ಸರಕು ವಿಮಾನಗಳ ಪೈಲಟ್‌ಗಳಿಗೆ ಇವನ್ನು ಕಡ್ಡಾಯವಾಗಿ ಅನ್ವಯಿಸದಿರುವುದು ಗಂಭೀರ ಕೊರತೆಯೇ ಸರಿ. ವೇತನ ಸಂಧಾನವು 1926ರ ರೈಲ್ವೆ ಕಾರ್ಮಿಕ ಕಾಯ್ದೆಗೆ ಒಳಪಟ್ಟಿದ್ದು, 1936ರಲ್ಲಿ ವಿಮಾನಯಾನಕ್ಕೂ ವಿಸ್ತರಿಸಲಾದ ಈ ಕಾಯ್ದೆಯಂತೆ ಹಳೆಯ ಒಪ್ಪಂದದ ಷರತ್ತುಗಳು ಸಂಧಾನ ಮುಗಿಯುವವರೆಗೂ ಊರ್ಜಿತವಾಗಿರುತ್ತವೆ. ರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿಯು ಮಾತುಕತೆಯಿಂದ ಉಭಯ ಪಕ್ಷಗಳನ್ನು ಬಿಡುಗಡೆ ಮಾಡಿ, ಆಮೇಲೆ 30 ದಿನಗಳು ಕಳೆಯುವ ತನಕ ಪೈಲಟ್‌ಗಳ ಸಂಘ ಮುಷ್ಕರ ಹೂಡುವಂತಿಲ್ಲ.