ಕಪಿಲಾತೀರದ ವಿದ್ಯಾರ್ಥಿಗಳೂ ಯಂತ್ರವಿದ್ಯಾಶಾಲೆಯ ಆಯ್ಕೆಯೂ

ವಿದ್ಯಾರ್ಜನೆಗಾಗಿ ಊರು ಬಿಟ್ಟು ದೂರದ ವಿದ್ಯಾಸ್ಥಾನವನ್ನು ಅರಸಿ ಹೋಗುವುದು ಕನ್ನಡನಾಡಿನಲ್ಲಿ ಇಂದು ನಿನ್ನೆಯ ಸಂಗತಿಯಲ್ಲ. ಮಯೂರಶರ್ಮನು ತನ್ನ ಗುರುವಾದ ವೀರಶರ್ಮನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ತೆರಳಿದನೆಂದು ತಾಳಗುಂದದ ಸ್ತಂಭಶಾಸನವು ತಿಳಿಸುತ್ತದೆ. ಆತನಿಗೆ ದಾರಿ ತೋರಲು ಬಲ್ಲವನಾದ ಹಿರಿಯನೊಬ್ಬನು ಜೊತೆಯಲ್ಲಿದ್ದನು. ಈಗಿನ ಕಾಲದಲ್ಲಿ ನಂಜನಗೂಡಿನಿಂದಲೋ ತಿರುಮಕೂಡಲು ನರಸೀಪುರದಿಂದಲೋ ತಂತ್ರಾಂಶದ ಇಂಜಿನಿಯರನಾಗಬೇಕೆಂದು ಹೊರಡುವ ಬಾಲಕನ ಮುಂದೆ ಇನ್ನೂರಕ್ಕೂ ಮಿಕ್ಕ ಕಾಲೇಜುಗಳ ಪಟ್ಟಿಯಿರುತ್ತದೆ. ದಾರಿ ಬಲ್ಲ ಹಿರಿಯನು ಮಾತ್ರ ಅನೇಕ ಮನೆಗಳಲ್ಲಿ ಇಲ್ಲ. ಈ ಸೀಮೆಯ ಕುಟುಂಬಗಳಿಗೆ ಇಂತಹ ಆಯ್ಕೆಯ ಭಾಗ್ಯವೂ ಅದರ ಸಂಕಟವೂ ಹೇಗೆ ಒದಗಿಬಂದುವೆಂಬುದು ವಿಚಾರಿಸತಕ್ಕ ವಿಷಯವಾಗಿದೆ.

ಮೊದಲಲ್ಲಿ ಆಯ್ಕೆಯೆಂಬುದೇ ಇರಲಿಲ್ಲ. ೧೯೧೭ರವರೆಗೆ ಮೈಸೂರು ಸಂಸ್ಥಾನದಲ್ಲಿ ಇಂಜಿನಿಯರಿಂಗ್ ಪದವಿಗೆ ಓದಿಸುವ ಕಾಲೇಜೇ ಇರಲಿಲ್ಲವಾದುದರಿಂದ ಆ ವಿದ್ಯೆಯನ್ನು ಬಯಸಿದವರು ಪುಣೆಗೋ ಮದರಾಸಿಗೋ ಹೋಗಬೇಕಾಗಿತ್ತು. ಸ್ವತಃ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ೧೮೮೧ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಬಲದಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, ೧೮೮೩ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದರು. ಆ ವೇತನವು ದೊರೆಯದೆ ಹೋಗಿದ್ದರೆ ಸಂಸ್ಥಾನದ ಚರಿತ್ರೆಯೇ ಬೇರೆಯಾಗುತ್ತಿತ್ತೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು. ಅವರೇ ದಿವಾನರಾಗಿದ್ದಾಗ ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ, ಮರುವರ್ಷ ಬೆಂಗಳೂರಿನಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜೂ ಸ್ಥಾಪಿತವಾದುವು.

ಕಾಲೇಜು ಬಂದಿತೆಂದ ಮಾತ್ರಕ್ಕೆ ಕಪಿಲಾತೀರದ ಹುಡುಗರಿಗೆ ಅದು ಕೈಗೆಟುಕಿತೆಂದು ತಿಳಿಯಬಾರದು. ನಂಜನಗೂಡಿಗೆ ೧೮೯೧ರಲ್ಲಿಯೇ ರೈಲು ಬಂದಿತ್ತು. ನರಸೀಪುರಕ್ಕಾದರೋ ಕಾವೇರೀ ಕಪಿಲೆಗಳ ಸಂಗಮದ ಮಹಿಮೆ ಇದ್ದಿತೇ ಹೊರತು ರೈಲಿನ ಸೌಕರ್ಯವಿರಲಿಲ್ಲ, ಇಂದಿಗೂ ಇಲ್ಲ. ಆದರೆ ದಾರಿಗಿಂತ ದೊಡ್ಡ ತೊಡಕು ಅನ್ನದ್ದಾಗಿತ್ತು. ಊರು ಬಿಟ್ಟು ಬಂದ ಬಡ ವಿದ್ಯಾರ್ಥಿಯು ವಾರಾನ್ನವನ್ನು ಗೊತ್ತುಮಾಡಿಕೊಳ್ಳಬೇಕಾಗಿತ್ತು: ಸೋಮವಾರ ಒಬ್ಬರ ಮನೆ, ಮಂಗಳವಾರ ಮತ್ತೊಬ್ಬರ ಮನೆ, ಹೀಗೆ ಏಳು ಮನೆಗಳು. ಒಂದು ಮನೆಯಲ್ಲಿ ಸೂತಕವೋ ಪ್ರಯಾಣವೋ ಒದಗಿದರೆ ಆ ದಿನ ಉಪವಾಸವೇ. ಏಳು ವಾರಗಳು ಎಲ್ಲಿ ಕೂಡಿಬರುತ್ತಿದ್ದುವೋ ಅಲ್ಲಿಯ ಪಾಠಶಾಲೆಯೇ ಅವನ ಪಾಠಶಾಲೆ. ಅಧ್ಯಾಪಕರು ಯಾರು, ಗ್ರಂಥಭಂಡಾರ ಹೇಗಿದೆ ಎಂಬ ವಿಚಾರಗಳೆಲ್ಲ ಆಮೇಲಿನವು. ಇದಾದರೂ ಕೆಲವು ಜಾತಿಗಳ ಮಕ್ಕಳಿಗೆ ಮಾತ್ರ ಲಭ್ಯವಾಗಿದ್ದ ಅನುಕೂಲ. ಉಳಿದವರಿಗೆ ಯಾರ ಮನೆಯ ಜಗುಲಿಯೂ ಇರಲಿಲ್ಲ. ಮೈಸೂರಿನಲ್ಲಿ ಆದಿಕರ್ನಾಟಕ ಮಕ್ಕಳ ವಿದ್ಯಾರ್ಥಿನಿಲಯಕ್ಕಾಗಿ ದುಡಿದ ಗೋಪಾಲಸ್ವಾಮಿ ಅಯ್ಯರ್ ಅವರ ಹೆಸರನ್ನು ಈ ಸಂದರ್ಭದಲ್ಲಿ ಸ್ಮರಿಸುವುದು ಉಚಿತ. ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ತೆರೆದು ಹಳ್ಳಿಯ ಹುಡುಗರಿಗೆ ಅನ್ನವಿಟ್ಟರು. ಅವರು ಶಾಲೆ ಕಾಲೇಜುಗಳನ್ನು ಕಟ್ಟುವುದಕ್ಕೆ ಮುಂಚೆ ಊಟದ ಮನೆಯನ್ನು ಕಟ್ಟಿದರೆಂಬುದು ಗಮನಿಸತಕ್ಕ ಅಂಶ.

ಹೆಣ್ಣುಮಕ್ಕಳ ಸ್ಥಿತಿಯನ್ನು ಹೇಳುವುದಕ್ಕೆ ನಂಜನಗೂಡು ತಿರುಮಲಾಂಬ ಅವರೊಬ್ಬರ ನಿದರ್ಶನವೇ ಸಾಕು. ೧೮೮೭ರಲ್ಲಿ ಜನಿಸಿ, ಬಾಲ್ಯದಲ್ಲಿಯೇ ವೈಧವ್ಯವನ್ನು ಪಡೆದ ಆ ವಿದುಷಿಯು ತಂದೆಯ ಆಸರೆಯಲ್ಲಿ ಮನೆಯಲ್ಲಿಯೇ ಓದಿ ಗ್ರಂಥಕರ್ತ್ರಿಯೂ ಪ್ರಕಾಶಕಿಯೂ ಪತ್ರಿಕಾ ಸಂಪಾದಕಿಯೂ ಆದರು. ಅವರಿಗೆ ಆರಿಸಿಕೊಳ್ಳಲು ಕಾಲೇಜಿರಲಿಲ್ಲ.

ಮೈಸೂರು ನಗರದಲ್ಲಿಯೇ ಇಂಜಿನಿಯರಿಂಗ್ ಓದುವ ಅವಕಾಶ ಒದಗಿದ್ದು ೧೯೪೬ರಲ್ಲಿ ನ್ಯಾಷನಲ್ ಇನ್ಸ್ಟಿಟ್ಯೂಟ್ ಆಫ್ ಇಂಜಿನಿಯರಿಂಗ್ ಸ್ಥಾಪಿತವಾದ ಮೇಲೆ. ಬೆಂಗಳೂರಿನ ಬಿ.ಎಂ.ಎಸ್. ಕಾಲೇಜೂ ಅದೇ ವರ್ಷದ್ದು. ತರುವಾಯ ೧೯೫೪ರಲ್ಲಿ ಏರ್ಪಟ್ಟ ಜೆ.ಎಸ್.ಎಸ್. ಮಹಾವಿದ್ಯಾಪೀಠವು ೧೯೬೩ರಲ್ಲಿ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜನ್ನು ತೆರೆಯಿತು. ನಂಜನಗೂಡಿನ ಹುಡುಗನು ಬೆಳಗಿನ ರೈಲಿನಲ್ಲಿ ಹೋಗಿ ಚಾಮರಾಜಪುರದ ನಿಲ್ದಾಣದಲ್ಲಿಳಿದು, ಸಂಜೆಗೆ ಮನೆಗೆ ಮರಳಿ ಉಣ್ಣುವುದು ಸಾಧ್ಯವಾಯಿತು. ವಾರಾನ್ನದ ಕಾಲವನ್ನು ಕಂಡ ಹಿರಿಯರಿಗೆ ಇದು ಎಷ್ಟು ದೊಡ್ಡ ವಿಷಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಣಕಯಂತ್ರದ ವಿಷಯದಲ್ಲಿ ಮೈಸೂರಿನ ಒಂದು ವೃತ್ತಾಂತವು ವಿಶೇಷವಾಗಿ ಉಲ್ಲೇಖಾರ್ಹ. ಶಾಲಾ ಉಪಾಧ್ಯಾಯರೊಬ್ಬರ ಮಗನಾದ ಎನ್.ಆರ್. ನಾರಾಯಣಮೂರ್ತಿಯವರು ಐ.ಐ.ಟಿ. ಪ್ರವೇಶಕ್ಕೆ ಅರ್ಹತೆ ಪಡೆದಿದ್ದರೂ, ಅಲ್ಲಿಯ ವೆಚ್ಚವನ್ನು ಭರಿಸುವುದು ತಂದೆಗೆ ಸಾಧ್ಯವಾಗದೆ ಹೋದುದರಿಂದ ಮೈಸೂರಿನ ನ್ಯಾಷನಲ್ ಇನ್ಸ್ಟಿಟ್ಯೂಟಿನಲ್ಲಿಯೇ ಓದಿ, ೧೯೬೭ರಲ್ಲಿ ವಿದ್ಯುತ್ ಇಂಜಿನಿಯರಿಂಗಿನಲ್ಲಿ ಪದವಿ ಪಡೆದರು. ಆಮೇಲೆ ಕಾನ್ಪುರದ ಐ.ಐ.ಟಿ.ಗೆ ಸ್ನಾತಕೋತ್ತರ ವ್ಯಾಸಂಗಕ್ಕೆ ಹೋದರು. ಅಲ್ಲಿ ಅಮೆರಿಕದ ನೆರವಿನಿಂದ ೧೯೬೩ರಲ್ಲಿಯೇ ಗಣಕಯಂತ್ರವನ್ನು ಸ್ಥಾಪಿಸಲಾಗಿತ್ತು. ೧೯೬೮ರ ಒಂದು ಭಾನುವಾರ ಬೆಳಗಿನ ಉಪಾಹಾರದ ವೇಳೆಯಲ್ಲಿ ಅಮೆರಿಕದಿಂದ ಬಂದಿದ್ದ ಗಣಕಶಾಸ್ತ್ರಜ್ಞರೊಬ್ಬರ ಮಾತನ್ನು ಕೇಳಿ, ಗ್ರಂಥಾಲಯಕ್ಕೆ ಹೋಗಿ ಅವರು ಸೂಚಿಸಿದ ನಾಲ್ಕೈದು ಲೇಖನಗಳನ್ನು ಓದಿ, ಆ ಶಾಸ್ತ್ರವನ್ನೇ ಹಿಡಿಯಬೇಕೆಂದು ನಿಶ್ಚಯಿಸಿದುದಾಗಿ ಅವರೇ ಹೇಳಿಕೊಂಡಿದ್ದಾರೆ. ಅವರೂ ಸಂಗಡಿಗರೂ ೧೯೮೧ರಲ್ಲಿ ಪುಣೆಯಲ್ಲಿ ಇನ್ಫೋಸಿಸ್ ಸಂಸ್ಥೆಯನ್ನು ಆರಂಭಿಸಿದರು. ೧೯೮೩ರಲ್ಲಿ ಅದು ಬೆಂಗಳೂರಿಗೆ ಬಂದಿತು. ಬಯಸಿದ ಕಾಲೇಜು ತಪ್ಪಿದುದರಿಂದ ವಿದ್ಯೆ ತಪ್ಪಲಿಲ್ಲವೆಂಬುದು ಈ ವೃತ್ತಾಂತದ ಒಂದು ಮುಖ. ಕಾನ್ಪುರದಲ್ಲಿ ಯಂತ್ರವೂ ಗ್ರಂಥಾಲಯವೂ ಬಲ್ಲವರ ಸಹವಾಸವೂ ಒಂದೆಡೆ ಇದ್ದುದರಿಂದಲೇ ಆ ಬೆಳಗಿನ ಮಾತು ಫಲಿಸಿತೆಂಬುದು ಇನ್ನೊಂದು ಮುಖ. ಜನರು ಮೊದಲನೆಯದನ್ನು ಆಗಾಗ ಹೇಳುತ್ತಾರೆ, ಎರಡನೆಯದನ್ನು ಮರೆಯುತ್ತಾರೆ.

ಮುಂದೆ ಮೈಸೂರಿನ ಹೆಬ್ಬಾಳದಲ್ಲಿ ಅದೇ ಸಂಸ್ಥೆಯ ವಿಶಾಲವಾದ ಶಿಕ್ಷಣಕೇಂದ್ರವು ತಲೆಯೆತ್ತಿದ ಮೇಲೆ, ಭತ್ತ ಕಬ್ಬುಗಳನ್ನು ಬೆಳೆಯುವ ನಾಲೆಬಯಲಿನ ಮನೆಗಳಲ್ಲಿಯೂ ಮಗನೋ ಮಗಳೋ ‘ಸಾಫ್ಟ್‌ವೇರ್’ ಆಗಬೇಕೆಂಬ ಮಾತು ಹುಟ್ಟಿತು. ಆ ಮಾತಿನ ಬೆನ್ನಿಗೇ ಹಣದ ಮಾತೂ ಬಂದಿತು. ಖಾಸಗಿ ಕಾಲೇಜುಗಳ ವಂತಿಗೆಯ ಪಿಡುಗನ್ನು ತಡೆಯಲು ಕರ್ನಾಟಕವು ೧೯೮೪ರಲ್ಲಿಯೇ ಶಾಸನ ಮಾಡಿತ್ತು. ಆದರೂ ಈ ರಾಜ್ಯದ ವೈದ್ಯಕೀಯ ಕಾಲೇಜೊಂದರಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ ೨,೦೦೦ ರೂಪಾಯಿ ಶುಲ್ಕವಿದ್ದಾಗ ಹೊರರಾಜ್ಯದವರಿಗೆ ೬೦,೦೦೦ ರೂಪಾಯಿ ಎಂದು ವಿಧಿಸಿದುದು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, ೧೯೯೨ರಲ್ಲಿ ಮೋಹಿನಿ ಜೈನ್ ಮೊಕದ್ದಮೆಯ ತೀರ್ಪು ಹೊರಬಿದ್ದಿತು. ಮರುವರ್ಷ ಉನ್ನಿಕೃಷ್ಣನ್ ಮೊಕದ್ದಮೆಯ ತೀರ್ಪೂ ಬಂದು, ೧೯೯೪ರಿಂದ ಸಾಮಾನ್ಯ ಪ್ರವೇಶಪರೀಕ್ಷೆಯು ಆಚರಣೆಗೆ ಬಂದಿತು. ಮುಡುಕುತೊರೆಯ ರೈತನ ಮಗನೂ ಬೆಂಗಳೂರಿನ ವಕೀಲರ ಮಗನೂ ಒಂದೇ ಪ್ರಶ್ನಪತ್ರಿಕೆಗೆ ಉತ್ತರ ಬರೆದು ಒಂದೇ ಶ್ರೇಣಿಯಲ್ಲಿ ನಿಲ್ಲುವಂತಾದುದು ಅಲ್ಪವಾದ ಮಾರ್ಪಾಟಲ್ಲ.

ಆ ಮೊದಲ ವರ್ಷಗಳಲ್ಲಿ ಸೀಟಿನ ಆಯ್ಕೆಗಾಗಿ ಬೆಂಗಳೂರಿಗೇ ಹೋಗಬೇಕಾಗಿತ್ತು. ತಂದೆಯೂ ಮಗನೂ ಹಿಂದಿನ ದಿನವೇ ಹೊರಟು, ಅಂಕಪಟ್ಟಿಗಳನ್ನೂ ಜಾತಿ ಆದಾಯಗಳ ಪ್ರಮಾಣಪತ್ರಗಳನ್ನೂ ಎದೆಗವಚಿಕೊಂಡು ಕಾದು ಕುಳಿತು, ಹೆಸರು ಕರೆದಾಗ ಒಳಹೋಗಿ, ಉಳಿದಿರುವ ಸೀಟುಗಳನ್ನು ನೋಡಿ ಕೆಲವೇ ನಿಮಿಷಗಳಲ್ಲಿ ನಿರ್ಧರಿಸಬೇಕು. ನಾಲ್ಕು ವರ್ಷಗಳ ವಿದ್ಯೆ, ಒಂದೆರಡು ಎಕರೆ ಗದ್ದೆಯ ಬೆಲೆ, ಮನೆಯ ಮುಂದಿನ ಗತಿ, ಎಲ್ಲವೂ ಆ ಕೆಲವು ನಿಮಿಷಗಳಲ್ಲಿ. ಈಗ ಅದೇ ಕಾರ್ಯವು ಅಂತರಜಾಲದ ಮೂಲಕ ನಡೆಯುತ್ತಿದ್ದು, ಕುಳಿತು ಆಲೋಚಿಸಲು ದಿನಗಳು ದೊರೆಯುತ್ತವೆ. ಆದರೂ ಬಜಾರಿನ ಅಂಗಡಿಯಲ್ಲಿ ಅಪರಿಚಿತನ ಕೈಯಿಂದ ಆಯ್ಕೆಪಟ್ಟಿಯನ್ನು ತುಂಬಿಸಿ, ಗುಪ್ತಪದವನ್ನೂ ಅವನಿಗೇ ಒಪ್ಪಿಸಿ ಬರುವವರಿದ್ದಾರೆ. ಗದ್ದೆಯ ಪತ್ರವನ್ನು ಹಾಗೆ ಯಾರೂ ಒಪ್ಪಿಸುವುದಿಲ್ಲ.

ಪಟ್ಟಿಯನ್ನು ಬರೆಯುವ ಕ್ರಮದಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳವಾಗಿ ಹಬ್ಬಿದೆ. ಸಿಕ್ಕದ ಕಾಲೇಜನ್ನು ಮೇಲೆ ಬರೆದರೆ ಸಿಕ್ಕುವುದೂ ಕೈತಪ್ಪುವುದೆಂದು ಹೆದರಿ, ಅನೇಕರು ಸುಲಭವಾದುದನ್ನೇ ಮೊದಲು ಬರೆಯುತ್ತಾರೆ. ವಾಸ್ತವದಲ್ಲಿ ವಿದ್ಯಾರ್ಥಿಯ ಶ್ರೇಣಿ ಬಂದಾಗ ಅವನ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡಿ, ಮೊದಲು ದೊರೆಯುವ ಸೀಟನ್ನು ಹಂಚಲಾಗುತ್ತದೆ. ದೊರೆಯದುದು ಮೇಲಿದ್ದರೆ ನಷ್ಟವಿಲ್ಲ; ಬೇಡದುದು ಮೇಲಿದ್ದರೆ ಅದೇ ಕೊರಳಿಗೆ ಬೀಳುವುದು. ಇನ್ನು ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇಕಡಾ ೧೫ರಷ್ಟೂ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ ೫ರಷ್ಟೂ ಸೀಟುಗಳು ಮೀಸಲಾಗಿವೆ. ನಂಜನಗೂಡು ಪಟ್ಟಣದ ಕೇರಿಯಲ್ಲಿ ಓದಿದವನಿಗೆ ಮೊದಲನೆಯದು ಸಲ್ಲದು. ಹೊಳೆಯಾಚೆಯ ಹಳ್ಳಿಯವನಿಗೆ ಸಲ್ಲುವುದು. ಅದಕ್ಕೆ ಬೇಕಾದ ಪ್ರಮಾಣಪತ್ರಗಳನ್ನು ಸಕಾಲದಲ್ಲಿ ಮಾಡಿಸಿಕೊಳ್ಳದೆ ಹಕ್ಕನ್ನು ಕಳೆದುಕೊಳ್ಳುವವರು ಮಾತ್ರ ಎಲ್ಲ ಕಡೆಯೂ ಉಂಟು.

ಕಾಲೇಜು ಮುಖ್ಯವೋ, ಗಣಕವಿಜ್ಞಾನವೆಂಬ ಶಾಖೆ ಮುಖ್ಯವೋ ಎಂಬ ಚರ್ಚೆ ಪ್ರತಿ ಮನೆಯಲ್ಲಿಯೂ ನಡೆಯುತ್ತದೆ. ೧೯೯೮ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಬೆಳಗಾವಿಯಲ್ಲಿ ಸ್ಥಾಪಿತವಾದ ತರುವಾಯ, ಅದಕ್ಕೆ ಸೇರಿದ ಕಾಲೇಜುಗಳಲ್ಲಿ ಸ್ವಾಯತ್ತವಲ್ಲದವುಗಳಿಗೆಲ್ಲ ಪಠ್ಯವೂ ಪರೀಕ್ಷೆಯೂ ಒಂದೇ. ಪಠ್ಯವು ಒಂದೇ ಆದಾಗ ಭೇದವಿರುವುದು ಪಾಠ ಹೇಳುವವರಲ್ಲಿಯೂ ಪ್ರಯೋಗಶಾಲೆಯಲ್ಲಿಯೂ ಸಹಪಾಠಿಗಳಲ್ಲಿಯೂ. ಗಣಕವಿಜ್ಞಾನವೆಂಬ ಹೆಸರಿನ ಸೀಟುಗಳನ್ನು ಹೆಚ್ಚಿಸುವುದು ಸುಲಭ. ಆ ಶಾಸ್ತ್ರವನ್ನು ಬಲ್ಲ ಅಧ್ಯಾಪಕರನ್ನು ಹೆಚ್ಚಿಸುವುದು ಸುಲಭವಲ್ಲ. ಗಣಿತದಲ್ಲಿ ಗಟ್ಟಿಯಾದ ಹುಡುಗನು ಒಳ್ಳೆಯ ಕಾಲೇಜಿನಲ್ಲಿ ವಿದ್ಯುನ್ಮಾನ ಶಾಖೆಯನ್ನು ಓದಿಯೂ ತಂತ್ರಾಂಶದ ಉದ್ಯೋಗಕ್ಕೆ ಹೋಗಬಲ್ಲನು. ಅಧ್ಯಾಪಕರೇ ನಿಲ್ಲದ ಕಾಲೇಜಿನಲ್ಲಿ ಶಾಖೆಯ ಹೆಸರು ಅವನನ್ನು ಕಾಪಾಡಲಾರದು. ಹೆಣ್ಣುಮಗಳಾದರೆ ದೂರ, ರಾತ್ರಿಯ ಬಸ್ಸು, ಹಾಸ್ಟೆಲು ಎಂದು ತಡೆಯುವವರು ಇನ್ನೂ ಇದ್ದಾರೆ. ನರಸೀಪುರದಿಂದ ಮೈಸೂರಿಗೆ ಬೆಳಗಿನ ಬಸ್ಸುಗಳಲ್ಲಿ ಪುಸ್ತಕದ ಚೀಲ ಹೊತ್ತು ಹೋಗುವ ಹುಡುಗಿಯರು ಆ ಮಾತಿಗೆ ದಿನವೂ ಉತ್ತರ ಕೊಡುತ್ತಿದ್ದಾರೆ.

ಕಾಲೇಜಿನವರು ಅಚ್ಚುಹಾಕಿಸಿ ಹಂಚುವ ಪುಸ್ತಿಕೆಯಲ್ಲಿ ಅತ್ಯಧಿಕ ಸಂಬಳದ ಅಂಕಿಯು ಮುಖಪುಟದಲ್ಲಿಯೇ ಇರುತ್ತದೆ. ಅದು ಒಬ್ಬ ವಿದ್ಯಾರ್ಥಿಯದು. ನಡುವಿನವನಿಗೆ ಎಷ್ಟು ದೊರೆಯಿತು, ಎಷ್ಟು ಮಂದಿಗೆ ಕೆಲಸವೇ ದೊರೆಯಲಿಲ್ಲ ಎಂಬುದನ್ನು ಕೇಳಿ ತಿಳಿಯಬೇಕು. ಪುಸ್ತಿಕೆಯನ್ನು ಮಡಿಸಿಟ್ಟು, ಕಾಲೇಜು ನಡೆಯುವ ದಿನವೊಂದರಲ್ಲಿ ತಂದೆಯೋ ತಾಯಿಯೋ ಸ್ವತಃ ಹೋಗಿ, ಮೂರನೆಯ ವರ್ಷದ ನಾಲ್ಕು ಮಂದಿ ಹುಡುಗರನ್ನು ಹೆಬ್ಬಾಗಿಲಿನ ಹೊರಗೆ, ಚಹದ ಅಂಗಡಿಯ ಬಳಿ ಮಾತನಾಡಿಸಿದರೆ ಬೇಕಾದ ಸಂಗತಿಗಳು ತಿಳಿದುಬರುತ್ತವೆ: ಪ್ರಯೋಗಶಾಲೆಯ ಬಾಗಿಲು ಸಂಜೆ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಹೋದ ವರ್ಷ ಪಾಠ ಹೇಳಿದ ಅಧ್ಯಾಪಕರು ಈ ವರ್ಷವೂ ಅಲ್ಲಿಯೇ ಇದ್ದಾರೆಯೇ ಎಂಬಿವೇ ಮೊದಲಾದುವು. ನಂಜನಗೂಡಿನಿಂದ ಅದಕ್ಕೆ ತಗಲುವುದು ಒಂದು ದಿನದ ಕೆಲಸವೂ ರೈಲಿನ ಖರ್ಚೂ ಮಾತ್ರ.